ಟಂಟಂ ಏರಿದ ಸರ್ಕಾರಿ ಸೈಕಲ್ಲು

ಕೊಪ್ಪಳದ ತೆರೆದ ಬಾವಿಗಳ ಗಣತಿ ಹಾಗೂ ಮರುಗಣತಿ ಉಪಕಚೇರಿಯ ಒಡೆತನಕ್ಕೆ ಸೇರಿದ ಏಕೈಕ ಸೈಕಲ್ಲಿನ ಹಿಂಬದಿಯ ಬೋಲ್ಟು, ಆಯುಧಪೂಜೆಯ ದಿನ, ಸಮಸ್ತ ಸಿಬ್ಬಂದಿಯ ಸಮಕ್ಷಮದಲ್ಲಿ, ಕುಂಕುಮ ಹಚ್ಚಿಸಿಕೊಂಡು, ಶಾಸ್ತ್ರೋಕ್ತವಾಗಿ ಕೆಟ್ಟಿತು. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಮುಂದೆ ನಡೆದ ವಿಚಾರಣೆಯಲ್ಲಿ ತಪ್ಪು ಮಾಡಿದವರೆಲ್ಲರೂ ಸರ್ವಾನುಮತದಿಂದ ತೀರ್ಮಾನಿಸಿದರು.

ಆ ಕಚೇರಿಯಲ್ಲಿ ಪೂಜೆಗೆ ಯೋಗ್ಯವಾದ ಯಂತ್ರವೆಂದರೆ ಸೈಕಲ್ಲೊಂದೇ. ಕಂಪ್ಯೂಟರೂ ಇತ್ತು, ನಿಜ. ಆದರೆ ಒಂದು ವರ್ಷ ಅದರ ನೆತ್ತಿಯ ಮೇಲೆಯೇ ತೆಂಗಿನಕಾಯಿ ಒಡೆದು, ನೀರು ಒಳಗಿಳಿದು, ಅದು ಸುಧಾರಿಸಿಕೊಳ್ಳುವಷ್ಟರಲ್ಲಿ ಯುಗಾದಿ ಬಂದಿತ್ತು. ಅಂದಿನಿಂದ ಅದಕ್ಕೆ ದೂರದಿಂದಲೇ ಕೈ ಮುಗಿಯುತ್ತಾರೆ. ಸೈಕಲ್ಲಿಗೆ ಮಾತ್ರ ಹಿಂದಿನಿಂದ ನಡೆದುಬಂದ ಪದ್ಧತಿ ಇದೆ. ವರ್ಷದ ಕೆಲಸ ಬಿಗಿಯಾಗಿ ನಡೆಯಲಿ ಎಂದು, ಸಾಹೇಬರಿಂದ ಹಿಡಿದು ಕಸ ಗುಡಿಸುವ ಮುದಕಮ್ಮನವರೆಗೆ ಪ್ರತಿಯೊಬ್ಬರೂ ಸೇವಾ ಹಿರಿತನದ ಪ್ರಕಾರ ಪಾನಾ ಹಿಡಿದು, ಕ್ಯಾರಿಯರ್ರಿನ ಬೋಲ್ಟನ್ನು ಒಂದೊಂದು ಸುತ್ತು ಬಿಗಿ ಮಾಡುವುದು. ಸೈಕಲ್ ಸವಾರ ಹುಲಿಗೆಪ್ಪ ಹಿಂದಿನ ದಿನವೇ ಯಾರಿಗೂ ಹೇಳದೆ, ತಲೆ ಎಣಿಸಿ, ಅಷ್ಟೇ ಸುತ್ತು ಸಡಿಲು ಮಾಡಿಡುತ್ತಿದ್ದ. ಹೀಗಾಗಿ ಕಚೇರಿಯ ಭಕ್ತಿಯೂ ಉಳಿದಿತ್ತು, ಬೋಲ್ಟೂ ಉಳಿದಿತ್ತು.

ಆ ವರ್ಷ ಲೆಕ್ಕ ತಪ್ಪಿತು. ವರ್ಗಾವಣೆಯ ಹಂಗಾಮು. ವರ್ಗವಾದವರು ತಡೆಯಾಜ್ಞೆ ತಂದು ಕುರ್ಚಿ ಬಿಟ್ಟಿರಲಿಲ್ಲ. ಅವರ ಜಾಗಕ್ಕೆ ಬಂದವರು ಹಾಜರಿ ಹಾಕಿ ಅದೇ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಪೂಜೆಗೆ ಎರಡೂ ಪಕ್ಷದವರು ಪಾನಾ ಹಿಡಿದರು. ಕೊನೆಗೆ ಮ್ಯಾನೇಜರ್ ವಿರೂಪಾಕ್ಷಪ್ಪನವರು, ಮಂಗಳ ಹಾಡಬೇಕಲ್ಲ ಎಂದು, ಎರಡನೆಯ ಸಲ ಪಾನಾ ಇಸಿದುಕೊಂಡು ಮೈಭಾರ ಹಾಕಿದರು. ಒಳಗೆ ಏನೋ ಕಟಕ್ ಎಂದಿತು. ಆಮೇಲೆ ಬೋಲ್ಟು ಬೆಣ್ಣೆಯಲ್ಲಿ ಬೆರಳಾಡಿದಂತೆ ತಿರುಗತೊಡಗಿತು. ಎಷ್ಟು ಹಗುರ ತಿರುಗುತ್ತದೆ ನೋಡಿರಿ, ದೇವರು ಪ್ರಸನ್ನನಾದ ಎಂದು ವಿರೂಪಾಕ್ಷಪ್ಪನವರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿ ಚುರುಮುರಿ ತಿಂದರು. ಹುಲಿಗೆಪ್ಪನೊಬ್ಬ ಚುರುಮುರಿ ಬದಿಗಿಟ್ಟು ಬೋಲ್ಟನ್ನು ಬೆರಳಿನಿಂದಲೇ ತಿರುಗಿಸಿ ನೋಡಿದ.

ಅವನ ಚಿಂತೆಗೆ ಕಾರಣವಿತ್ತು. ಸೈಕಲ್ ಸವಾರ ಎಂಬುದು ನಿಜಾಮರ ಕಾಲದ ಹುದ್ದೆ. ಆಗ ಅದು ಕುದುರೆ ಸವಾರ. ಕುದುರೆ ಸತ್ತ ಮೇಲೆ ಹುದ್ದೆಯನ್ನು ಹಾಗೆಯೇ ಇಟ್ಟುಕೊಂಡು ಕುದುರೆಯ ಜಾಗದಲ್ಲಿ ಸೈಕಲ್ ಎಂದು ತಿದ್ದಿದ್ದರು. ಊರಿನ ಈ ತುದಿಯ ಉಪಕಚೇರಿಯಿಂದ ರೈಲ್ವೆ ಗೇಟಿನ ಆಚೆಯ ಪ್ರಧಾನ ಕಚೇರಿಗೆ ದಿನವೂ ಟಪಾಲು ಒಯ್ಯುವುದು, ಅಲ್ಲಿಯದನ್ನು ತರುವುದು ಕೆಲಸ. ಹುಲಿಗೆಪ್ಪ ಅದನ್ನು ಮಾಡುತ್ತ ಮೀಸೆ ಹಣ್ಣು ಮಾಡಿಕೊಂಡಿದ್ದರೂ ಇನ್ನೂ ಹಂಗಾಮಿ. ಈಗ ಅವನನ್ನು ಖಾಯಂ ಮಾಡುವ ಕಡತ ಮೇಲೆದ್ದಿತ್ತು. ಅದಕ್ಕೆ ಬೇಕಾಗಿದ್ದುದು ಒಂದೇ ಕಾಗದ: ಸವಾರನ ವಾಹನ ಓಡುವ ಸ್ಥಿತಿಯಲ್ಲಿದೆ ಎಂಬ ಸುಸ್ಥಿತಿ ಪ್ರಮಾಣಪತ್ರ. ಖಾಯಂ ಆದರೆ ಹೆಂಡತಿ ಗಾಳೆಮ್ಮ ಹತ್ತಿಬೀಜದ ಹೊಲಕ್ಕೆ ಹೋಗಿ, ಬಿಸಿಲಲ್ಲಿ ಬಗ್ಗಿ, ಬೀಜ ಕಟ್ಟಲೆಂದು ಹೂವಿಗೆ ಹೂವು ತಾಗಿಸುವ ಕೂಲಿ ಬಿಡಬಹುದಿತ್ತು. ಅವಳ ಸೊಂಟ ಆಗಲೇ ಮಾತು ಕೇಳುವುದನ್ನು ಬಿಟ್ಟಿತ್ತು.

ಇನ್ನೊಂದು ಮಾತು. ಹುಲಿಗೆಪ್ಪನಿಗೆ ಆ ಸೈಕಲ್ ತುಳಿಯುವುದೆಂದರೆ ಪ್ರಾಣ. ಗೇಟು ದಾಟಿದ ಮೇಲಿನ ಇಳಿಜಾರಿನಲ್ಲಿ ಪೆಡಲ್ ಬಿಟ್ಟು, ಅಂಗಿಯೊಳಗೆ ಗಾಳಿ ತುಂಬಿಕೊಂಡು ಹೋಗುವಾಗ, ತಾನು ಹಂಗಾಮಿ ಎಂಬುದು ಅವನಿಗೆ ಪೂರ್ತಿ ಮರೆತುಹೋಗುತ್ತಿತ್ತು.

ಪೂಜೆಯ ಮರುದಿನ ಅದೇ ಇಳಿಜಾರಿನಲ್ಲಿ ಬೋಲ್ಟು ಕಳಚಿ, ಕ್ಯಾರಿಯರ್ ವಾಲಿ, ಟಪಾಲಿನ ತಗಡಿನ ಪೆಟ್ಟಿಗೆ ರಸ್ತೆಗೆ ಬಿತ್ತು. ಹುಲಿಗೆಪ್ಪ ಕಾಗದ ಆರಿಸುವಷ್ಟರಲ್ಲಿ ತಳಕಲ್ ಭಾಗದ ಬಾವಿಗಳ ಹಾಳೆಯನ್ನು ಒಂದು ಆಡು ತಿಂದು ಮುಗಿಸಿತ್ತು. ಆ ವರ್ಷದ ಗಣತಿಯಲ್ಲಿ ತಳಕಲ್ ಭಾಗದ ಬಾವಿಗಳು ಕಡಿಮೆ ಕಂಡವು. ಅಂತರ್ಜಲ ಕುಸಿತ ಎಂದು ಷರಾ ಬರೆದು ಮುಂದೆ ಕಳಿಸಲಾಯಿತು.

ಗೇಟಿನ ಬಳಿ ಸೈಕಲ್ ಅಂಗಡಿ ಇಟ್ಟಿದ್ದ ಖಾಜಾಸಾಬ ತೂತಿನಲ್ಲಿ ಕಡ್ಡಿ ಆಡಿಸಿ ನೋಡಿದ. ಬೋಲ್ಟು ನೆಟ್ಟಗಿತ್ತು, ಫ್ರೇಮಿನ ತೂತಿನೊಳಗೆ ಬೋಲ್ಟನ್ನು ಕಚ್ಚಿ ಹಿಡಿಯುವ ಸುರುಳಿ ಗೆರೆ, ಅಂದರೆ ಥ್ರೆಡ್ಡೇ, ಸವೆದು ನುಣ್ಣಗಾಗಿತ್ತು. ಹಳೆಯದನ್ನು ಕೆರೆದು ತೆಗೆದು, ಒಂದು ಸೈಜು ದೊಡ್ಡ ಟ್ಯಾಪ್ ಹೊಡೆದು ಹೊಸ ಥ್ರೆಡ್ ಕೊರೆದು, ದಪ್ಪನೆಯ ಬೋಲ್ಟ್ ಕೂರಿಸಿದರೆ ಮುಗಿಯಿತು, ನೀನು ಚಹಾ ಕುಡಿದು ಬಾ ಎಂದ. ಹುಲಿಗೆಪ್ಪ ಹೂಂ ಎಂದಿದ್ದರೆ ಈ ಕಥೆ ಚಹಾದ ಜೊತೆ ಮುಗಿಯುತ್ತಿತ್ತು. ಆದರೆ ಖಾಯಂ ಆಗಬೇಕಾದ ಮನುಷ್ಯ ಸಾಹೇಬರಿಗೆ ಹೇಳದೆ ಸೀನುವುದೂ ಇಲ್ಲ. ಫ್ರೇಮಿನ ಮೇಲೆ ಸರ್ಕಾರದ ನಂಬರು ಬೇರೆ ಹೊಡೆದಿತ್ತು. ಅವನು ಸೈಕಲ್ ತಳ್ಳಿಕೊಂಡು ಕಚೇರಿಗೆ ಬಂದು ವಿರೂಪಾಕ್ಷಪ್ಪನವರ ಮುಂದೆ ನಿಂತ.

ವಿರೂಪಾಕ್ಷಪ್ಪನವರು ಕನ್ನಡಕ ಏರಿಸಿಕೊಂಡು ತೂತನ್ನು ಬಹಳ ಹೊತ್ತು ನೋಡಿದರು.

"ತೂತು ದೊಡ್ಡದು ಮಾಡಿದ್ರ, ಅಲ್ಲಿದ್ದ ಕಬ್ಬಿಣ ಎಲ್ಲಿ ಹೋಗ್ತೈತಿ?"

"ಪುಡಿ ಆಗಿ ಕೆಳಗ ಬೀಳ್ತೈತ್ರಿ."

"ಅದು ಯಾರ ಕಬ್ಬಿಣ?"

ಸರ್ಕಾರದ್ದೆಂದು ಹೇಳಲು ಹುಲಿಗೆಪ್ಪನಿಗೆ ಧೈರ್ಯವಾಗಲಿಲ್ಲ. ವಿರೂಪಾಕ್ಷಪ್ಪನವರು ಶಾಂತವಾಗಿ ವಿವರಿಸಿದರು. ಸರ್ಕಾರದ ಆಸ್ತಿಯನ್ನು ಕೊರೆದು ತೂಕ ಕಡಿಮೆ ಮಾಡುವ ಅಧಿಕಾರ ಉಪಕಚೇರಿಗಿಲ್ಲ, ಇರುವ ತೂತನ್ನು ಕಾಪಾಡಿಕೊಂಡು ಬರುವುದಷ್ಟೇ ನಮ್ಮ ವ್ಯಾಪ್ತಿ. ಹಿಗ್ಗಿಸುವುದಕ್ಕೆ ಪ್ರಧಾನ ಕಚೇರಿಯ ಅನುಮತಿ ಬೇಕು. ಹಾಗಾದರೆ ಅಲ್ಲಿಯವರೆಗೆ ಹಳೇ ಟ್ಯೂಬಿನ ಪಟ್ಟಿಯಿಂದ ಕಟ್ಟಿಕೊಳ್ಳಲೇ ಎಂದು ಹುಲಿಗೆಪ್ಪ ಕೇಳಿದ. ಸರ್ಕಾರಿ ವಾಹನದ ಮೇಲೆ ಖಾಸಗಿ ರಬ್ಬರು ನಿಷಿದ್ಧ ಎಂಬ ಉತ್ತರ ಬಂತು.

ಅನುಮತಿ ಕೋರಿ ಪತ್ರ ತಯಾರಾಯಿತು. ಮೊದಲು ಅದನ್ನು ಇ-ಮೇಲ್‌ನಲ್ಲಿ ಕಳಿಸಿದರು. ತಮ್ಮ ಇ-ಮೇಲ್ ತಲುಪಿದೆ, ದಯವಿಟ್ಟು ಇದನ್ನೇ ಟಪಾಲಿನ ಮೂಲಕ ಕಳಿಸತಕ್ಕದ್ದು, ಟಪಾಲು ತಲುಪಿದ ಕುರಿತು ಇ-ಮೇಲ್ ಮಾಡಲಾಗುವುದು ಎಂದು ಪ್ರಧಾನ ಕಚೇರಿ ತಕ್ಷಣವೇ ಉತ್ತರಿಸಿತು. ಈ ಚುರುಕುತನವನ್ನು ಎಲ್ಲರೂ ಮೆಚ್ಚಿಕೊಂಡರು.

ಈಗ ಒಂದು ಸಣ್ಣ ಅಡಚಣೆ ಮಾತ್ರ ಉಳಿಯಿತು. ಸೈಕಲ್ ದುರಸ್ತಿಗೆ ಅನುಮತಿ ಕೇಳುವ ಪತ್ರ ಸೈಕಲ್ಲಿನ ಮೇಲೆಯೇ ಹೋಗಬೇಕಿತ್ತು. ಹುಲಿಗೆಪ್ಪ ಪತ್ರವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ನಡೆದು ಹೋಗಲು ಸಿದ್ಧನಿದ್ದ. ಆದರೆ ಕುದುರೆಯ ಕಾಲದ ನಿಯಮವೊಂದು ಅಡ್ಡ ಬಂತು. ಆಗಿನ ಸವಾರನೊಬ್ಬ ಕುದುರೆಯನ್ನು ತಮ್ಮನ ಹೊಲಕ್ಕೆ ಬೇಸಾಯಕ್ಕೆ ಕಳಿಸಿ ತಾನು ನಡೆದುಕೊಂಡು ಟಪಾಲು ಹಂಚುತ್ತಿದ್ದನಂತೆ. ಅದನ್ನು ತಡೆಯಲು ಹೊರಡಿಸಿದ ಹುಕುಂ ಇನ್ನೂ ಜಾರಿಯಲ್ಲಿತ್ತು: ಟಪಾಲು ಸವಾರನ ಮೈಮೇಲೆ ಇರಕೂಡದು, ವಾಹನದ ಮೇಲಿರತಕ್ಕದ್ದು, ಸವಾರನು ವಾಹನದ ಮೇಲೆ ಕುಳಿತೇ ಇರತಕ್ಕದ್ದು.

ವಿರೂಪಾಕ್ಷಪ್ಪನವರು ನಿಯಮವನ್ನು ಹಿಂದೆ ಮುಂದೆ ಓದಿ ಒಂದು ಸಂಗತಿ ಗಮನಿಸಿದರು. ವಾಹನದ ಮೇಲೆ ಸವಾರ ಕುಳಿತಿರಬೇಕು ಎಂದಿದೆ. ವಾಹನವು ನೆಲದ ಮೇಲೆ ಇರಬೇಕೆಂದು ಎಲ್ಲಿಯೂ ಇಲ್ಲ.

ಹೀಗಾಗಿ ಮರುದಿನ ಬೆಳಿಗ್ಗೆ ವೆಂಕೋಬನ ಮೂರು ಗಾಲಿಯ ಲಗೇಜ್ ಟಂಟಂ ಕಚೇರಿಯ ಮುಂದೆ ಬಂದು ನಿಂತಿತು. ವೆಂಕೋಬ ಸಾಮಾನ್ಯವಾಗಿ ಕಡ್ಲಿಚೀಲ, ಸಿಮೆಂಟು, ಕೆಲವೊಮ್ಮೆ ಮದುವೆಯ ಪಾತ್ರೆ ಸಾಗಿಸುವ ಮನುಷ್ಯ. ಅವನು ಸೈಕಲ್ಲನ್ನು ಮೇಲೇರಿಸಿ ನಿಲ್ಲಿಸಿದ. ಹುಲಿಗೆಪ್ಪ ಅದರ ಸೀಟಿನ ಮೇಲೆ ಕುಳಿತು, ಹಿಂದಕ್ಕೆ ಕೈ ಚಾಚಿ, ವಾಲಿದ ಕ್ಯಾರಿಯರ್ರಿನ ಮೇಲಿನ ಟಪಾಲಿನ ಪೆಟ್ಟಿಗೆಯನ್ನು ಒತ್ತಿ ಹಿಡಿದ. ಟಂಟಂ ಗಡಿಯಾರ ಕಂಬದ ಮುಂದೆ ಹಾಯ್ದು ಹೋಗುವಾಗ ಜನ ನಿಂತು ನೋಡಿದರು. ಯಾರೂ ನಗಲಿಲ್ಲ. ಇದು ಯಾವುದೋ ಹೊಸ ಯೋಜನೆಯ ಪ್ರಚಾರವೆಂದು ಭಾವಿಸಿ, ಅರ್ಜಿ ಎಲ್ಲಿ ಕೊಡುತ್ತಾರೆಂದು ವಿಚಾರಿಸಿದರು. ಗೇಟು ಬಿದ್ದಾಗ ಬದಿಗೆ ನಿಂತ ಅಜ್ಜನೊಬ್ಬ ಆಧಾರ್ ಕಾರ್ಡಿನ ಜೆರಾಕ್ಸನ್ನು ಹುಲಿಗೆಪ್ಪನ ಕಿಸೆಗೆ ತುರುಕಿಯೇ ಬಿಟ್ಟ.

ಪ್ರಧಾನ ಕಚೇರಿ ತುಂಬಾ ಸಂತೋಷಪಟ್ಟಿತು. ಟಪಾಲು ಹಿಂದಿಗಿಂತ ಬೇಗ ಬಂದಿತ್ತು, ನಿಯಮವೂ ಒಡೆದಿರಲಿಲ್ಲ. ತೂತಿನ ವಿಷಯವಾಗಿ ಪರಿಶೀಲನೆ ನಡೆಸಲು ಇಂಜಿನಿಯರ್ ಪ್ರವೀಣಕುಮಾರನನ್ನು ನೇಮಿಸಲಾಯಿತು. ಅವನು ಬಂದು, ತೂತನ್ನು ಒಳಗಿನಿಂದಲೂ ಹೊರಗಿನಿಂದಲೂ ಅಳೆದು, ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ವರದಿ ಕೊಟ್ಟ: "ತೂತಿನಲ್ಲಿ ಥ್ರೆಡ್ ಕಂಡುಬರಲಿಲ್ಲ. ಅದನ್ನು ಹೊರತುಪಡಿಸಿದರೆ ತೂತು ಸುಸ್ಥಿತಿಯಲ್ಲಿದೆ."

ವರದಿ ಪರಿಶೀಲನೆಯಲ್ಲಿದ್ದಷ್ಟು ಕಾಲ ಟಂಟಂ ನಿಲ್ಲಿಸುವಂತಿರಲಿಲ್ಲ. ವೆಂಕೋಬನಿಗೆ ತಿಂಗಳ ಬಾಡಿಗೆ ಮಂಜೂರಾಯಿತು. ತಿರುವಿನಲ್ಲಿ ಸೈಕಲ್ ಹೊರಳುತ್ತದೆಂದು ಹುಲಿಗೆಪ್ಪ ಬಾಯಿತಪ್ಪಿ ಹೇಳಿದ್ದಕ್ಕೆ ಮುಂದಿನ ಚಕ್ರ ಹಿಡಿಯುವವ ಎಂಬ ಹುದ್ದೆ ಸೃಷ್ಟಿಯಾಗಿ, ಮುಕ್ತ ಸ್ಪರ್ಧೆಯಲ್ಲಿ ವಿರೂಪಾಕ್ಷಪ್ಪನವರ ಅಳಿಯ ಕಲ್ಲೇಶ ಆಯ್ಕೆಯಾದ. ಮುಂದಿನ ಚಕ್ರಕ್ಕೆ ಒಬ್ಬನಿದ್ದು ಹಿಂದಿನ ಚಕ್ರಕ್ಕೆ ಯಾರೂ ಇಲ್ಲದಿರುವುದು ತಾರತಮ್ಯವೆಂದು ಪ್ರಧಾನ ಕಚೇರಿಯವರು ತಮ್ಮ ಕಡೆಯ ಒಬ್ಬನನ್ನು ಕಳಿಸಿದರು. ಇಷ್ಟೆಲ್ಲ ಆದ ಮೇಲೆ ಇದಕ್ಕೊಂದು ಹೆಸರು ಬೇಕಾಗಿ ಸೈಕಲ್ ಸಾಗಣಾ ಘಟಕ ಎಂಬ ಫಲಕ ಬಂತು. ಫಲಕ ಹಾಕಲು ಗೋಡೆ ಬೇಕಾಗಿ ಒಂದು ಕೋಣೆಯೂ ಬಂತು. ಗೇಟಿನ ಬಳಿ ಈ ಕೆಳಗಿನ ಪ್ರಕಟಣೆಯನ್ನು ಅಂಟಿಸಲಾಯಿತು:

"ಸಾರ್ವಜನಿಕರ ಗಮನಕ್ಕೆ. ಸರ್ಕಾರಿ ಸೈಕಲ್ಲು ಟಂಟಂನಲ್ಲಿ ಸಂಚರಿಸುವಾಗ ಅದನ್ನು ಟಂಟಂ ಎಂದು ಭಾವಿಸತಕ್ಕದ್ದಲ್ಲ. ಸೈಕಲ್ಲಿನ ಬೆಲ್ಲು ಬಾರಿಸಿದರೆ ಸೈಕಲ್ಲಿಗೂ, ಟಂಟಂನ ಹಾರ್ನು ಬಾರಿಸಿದರೆ ಟಂಟಂಗೂ ಪ್ರತ್ಯೇಕವಾಗಿ ದಾರಿ ಬಿಡತಕ್ಕದ್ದು. ತಪ್ಪಿದವರ ಬಾವಿಗಳನ್ನು ಗಣತಿಯಿಂದ ಕೈಬಿಡಲಾಗುವುದು."

ಜನ ಎರಡು ಸಲ ದಾರಿ ಬಿಡುವುದನ್ನು ಬೇಗ ರೂಢಿ ಮಾಡಿಕೊಂಡರು.

ಹುಲಿಗೆಪ್ಪ ಮಾತ್ರ ದಿನದಿನಕ್ಕೆ ಸೊರಗಿದ. ಅವನ ಖಾಯಂ ಕಡತ ಸುಸ್ಥಿತಿ ಪ್ರಮಾಣಪತ್ರಕ್ಕಾಗಿ ಕಾಯುತ್ತಿತ್ತು, ಪ್ರಮಾಣಪತ್ರ ದುರಸ್ತಿಗಾಗಿ ಕಾಯುತ್ತಿತ್ತು, ದುರಸ್ತಿ ಅನುಮತಿಗಾಗಿ ಕಾಯುತ್ತಿತ್ತು. ಇಳಿಜಾರಿನಲ್ಲಿ ಟಂಟಂ ಇಳಿಯುವಾಗ ಅವನ ಕಾಲು ತಾನಾಗಿಯೇ ಪೆಡಲ್ ಹುಡುಕುತ್ತಿತ್ತು. ಹಿಂದಿನ ಚಕ್ರ ಹಿಡಿದವನು ಸುಮ್ಮನೆ ಕುಂದರ್ರಿ, ಚಕ್ರದಾಗ ನನ್ನ ಕೈ ಸಿಗ್ತೈತಿ ಎಂದು ಗದರುತ್ತಿದ್ದ. ಸಂಜೆ ಮನೆಗೆ ಬಂದರೆ ಗಾಳೆಮ್ಮ ಸೊಂಟಕ್ಕೆ ಬಿಸಿ ಇಟ್ಟಿಗೆಯ ಶಾಖ ಕೊಟ್ಟುಕೊಳ್ಳುತ್ತ, ಇವತ್ತೇನಾರ ಆತೇನ್ರಿ ಎಂದು ಕೇಳುತ್ತಿದ್ದಳು. ಇಲ್ಲ ಎನ್ನಲು ಅವನಿಗೆ ನಾಚಿಕೆಯಾಗುತ್ತಿತ್ತು.

ಕೊನೆಗೊಂದು ದಿನ ಪೆಟ್ಟಿಗೆಯಲ್ಲಿ ಎರಡು ಆದೇಶಗಳು ಒಟ್ಟಿಗೇ ಬಂದವು. ವಿರೂಪಾಕ್ಷಪ್ಪನವರು ಹುಲಿಗೆಪ್ಪನನ್ನು ಎಂದೂ ಇಲ್ಲದೆ ಸ್ಟೂಲಿನ ಮೇಲೆ ಕೂರಿಸಿ ಓದಿ ಹೇಳಿದರು. ಮೊದಲನೆಯದು, ತೂತನ್ನು ಒಂದು ಸೈಜು ಹಿಗ್ಗಿಸಿ ಥ್ರೆಡ್ ಕೊರೆಯಲು ಅನುಮತಿ. ಉದುರುವ ಕಬ್ಬಿಣದ ಪುಡಿಯನ್ನು ಲಕೋಟೆಯಲ್ಲಿ ಮೊಹರು ಮಾಡಿ ಕಳಿಸಬೇಕೆಂಬುದೊಂದೇ ಷರತ್ತು. ಎರಡನೆಯದು, ಹುಲಿಗೆಪ್ಪನನ್ನು ಸೈಕಲ್ ಸಾಗಣಾ ಘಟಕದ ಸವಾರನೆಂದು ಖಾಯಂ ಮಾಡುವ ಆದೇಶ. ಹಳೆಯ ಸವಾರ ಹುದ್ದೆಯನ್ನು ಈ ಘಟಕದಲ್ಲಿ ವಿಲೀನ ಮಾಡಲಾಗಿದೆ. ಘಟಕದ ನಿಯಮದಂತೆ ಸವಾರನು ಪ್ರತಿ ವರ್ಷ ವಾಹನದ ದುಸ್ಥಿತಿ ಪ್ರಮಾಣಪತ್ರ ಒಪ್ಪಿಸತಕ್ಕದ್ದು. ವಾಹನ ಓಡುವ ಸ್ಥಿತಿಗೆ ಬಂದ ದಿನ ಘಟಕವೂ ಅದರ ಹುದ್ದೆಗಳೂ ರದ್ದಾಗತಕ್ಕದ್ದು.

ಹುಲಿಗೆಪ್ಪ ಸ್ಟೂಲಿನಿಂದ ಎದ್ದು ನಿಂತ.

"ಅಂದ್ರ, ಸೈಕಲ್ ರಿಪೇರಿ ಮಾಡಿಸಿದ್ರ ನಾ ಹೋದಂಗ ಏನ್ರಿ?"

"ನೀ ಒಬ್ಬನ ಅಲ್ಲಪಾ," ಎಂದರು ವಿರೂಪಾಕ್ಷಪ್ಪನವರು. ಅವರ ಕಣ್ಣು ಕಿಟಕಿಯಾಚೆ ಚಕ್ರ ಒರೆಸುತ್ತಿದ್ದ ಅಳಿಯನ ಮೇಲಿತ್ತು. "ನಾ ಹಿಂಗ ಮಾಡು ಅನ್ನಂಗಿಲ್ಲ, ಹಂಗ ಮಾಡು ಅನ್ನಂಗಿಲ್ಲ. ಎರಡೂ ಸರ್ಕಾರದ ಆದೇಶನ. ನಾಳೆ ಮುಂಜಾನಿ ಯಾವುದನ್ನ ಪಾಲಿಸ್ತಿ ಹೇಳು."

ಆ ಸಂಜೆ ಅವನು ಗಾಳೆಮ್ಮನ ಮುಂದೆ ಎಲ್ಲವನ್ನೂ ಹೇಳಿದ. ಅವಳ ಬೆರಳಿನ ತುದಿಗಳು ಹತ್ತಿ ಹೂವಿನ ಪುಡಿಯಿಂದ ಹಳದಿಯಾಗಿದ್ದವು. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಕೇಳಿಸಿಕೊಂಡಳು.

"ಸೈಕಲ್ ತುಳದ್ರ ಪಗಾರ ಬರ್ತೈತ್ಯೋ, ಸುಮ್ಮನ ಅದರ ಮ್ಯಾಲ ಕುಂತ್ರ ಬರ್ತೈತ್ಯೋ?"

"ಕುಂತ್ರ."

"ಹಂಗಾರ ಕುಂದರ್ರಿ."

ಇಳಿಜಾರಿನ ಗಾಳಿಯ ಮಾತನ್ನು ಅವನು ತೆಗೆಯಲಿಲ್ಲ. ಅವಳ ಸೊಂಟದ ಮುಂದೆ ಅದನ್ನು ಇಡಲು ಅವನಿಗೆ ಬಾಯಿ ಬರಲಿಲ್ಲ.

ಮರುದಿನ ಮುಂಜಾನೆ ಅನುಮತಿಯ ಸುದ್ದಿ ಕೇಳಿ ಖಾಜಾಸಾಬ ಟ್ಯಾಪು, ಡ್ರಿಲ್ಲು, ದಪ್ಪ ಬೋಲ್ಟು ಚೀಲದಲ್ಲಿ ಹಾಕಿಕೊಂಡು ತಾನಾಗಿಯೇ ಕಚೇರಿಗೆ ಬಂದ. ಇಷ್ಟು ದಿನ ಗೆಳೆಯ ಸೈಕಲ್ಲಿನ ಮೇಲೆ ಹೆಣದಂತೆ ಸಾಗುವುದನ್ನು ನೋಡಿ ಅವನಿಗೂ ಸಂಕಟವಾಗಿತ್ತು. ಅಂಗಳದಲ್ಲಿ ವೆಂಕೋಬ, ಕಲ್ಲೇಶ, ಹಿಂದಿನ ಚಕ್ರದವನು, ಘಟಕದ ಕೋಣೆಯ ಬೀಗ ತೆಗೆಯುವವನು, ಬೀಗ ಹಾಕುವವನು ಎಲ್ಲರೂ ನಿಂತಿದ್ದರು. ಖಾಜಾಸಾಬ ಮೊಣಕಾಲೂರಿ ಡ್ರಿಲ್ಲಿನ ತುದಿಯನ್ನು ತೂತಿಗೆ ಇಟ್ಟು ಹುಲಿಗೆಪ್ಪನ ಮುಖ ನೋಡಿದ.

"ಹೊಡೀಲ್ಯಾ ಹುಲಿಗೆಪ್ಪಣ್ಣ?"

ಹುಲಿಗೆಪ್ಪ ಬಗ್ಗಿ ಅವನ ಮಣಿಕಟ್ಟು ಹಿಡಿದ. "ಬ್ಯಾಡ ಖಾಜಾ. ಕೈ ತಗಿ. ಸರ್ಕಾರದ ತೂತು ಐತಿ ಅದು."

ಅಂಗಳದಲ್ಲಿ ಎಲ್ಲರೂ ಉಸಿರು ಬಿಟ್ಟರು. ವೆಂಕೋಬ ಚಹಾ ಹೇಳಲು ಓಡಿದ. ಖಾಜಾಸಾಬ ಮೊದಲು ಗೆಳೆಯನಿಗೆ ತಲೆ ಕೆಟ್ಟಿದೆಯೆಂದುಕೊಂಡ. ಆದರೆ ಚಹಾ ಮುಗಿಯುವ ಹೊತ್ತಿಗೆ ವಿರೂಪಾಕ್ಷಪ್ಪನವರು ಅವನಿಗೂ ಘಟಕದ ತಾಂತ್ರಿಕ ಸಲಹೆಗಾರ ಎಂಬ ಸ್ಥಾನ ಕೊಟ್ಟರು. ಪ್ರತಿ ವರ್ಷ ಬಂದು ತೂತಿನಲ್ಲಿ ಕಡ್ಡಿ ಆಡಿಸಿ, ಥ್ರೆಡ್ ಇನ್ನೂ ಮೂಡಿಲ್ಲವೆಂದು ದುಸ್ಥಿತಿ ಪ್ರಮಾಣಪತ್ರಕ್ಕೆ ರುಜು ಹಾಕುವುದು ಅವನ ಕೆಲಸ. ಖಾಜಾಸಾಬ ಅಲ್ಲಿಯೇ ಕಡ್ಡಿ ಆಡಿಸಿ, ಇಂಥ ತೂತು ತಾನು ಕಂಡೇ ಇಲ್ಲ, ಇದು ದುರಸ್ತಿಗೆ ಬರುವಂಥದಲ್ಲ ಎಂದು ಗಂಭೀರವಾಗಿ ತಲೆ ಆಡಿಸಿದ. ದುರಸ್ತಿಯ ಅನುಮತಿಯನ್ನು ಧನ್ಯವಾದಗಳೊಂದಿಗೆ ಹಿಂದಿರುಗಿಸಲಾಯಿತು. ಹುಲಿಗೆಪ್ಪ ಖಾಯಂ ಆದ. ಗಾಳೆಮ್ಮ ಹೊಲಕ್ಕೆ ಹೋಗುವುದನ್ನು ಬಿಟ್ಟಳು; ಅವಳ ಬೆರಳಿನ ಹಳದಿ ಹೋಗಲು ಬಹಳ ದಿನ ಹಿಡಿಯಿತು.

ಕೊಪ್ಪಳದ ಮಾದರಿಯ ಸುದ್ದಿ ತಾಲೂಕುಗಳಿಗೆ ಹರಡಿತು. ಕುಷ್ಟಗಿಯ ಕಚೇರಿಯವರು ತಮ್ಮ ಸೈಕಲ್ಲಿನ ಎರಡೂ ಚಕ್ರ ಕಳುವಾಗಿವೆ, ನಮಗೆ ಲಾರಿ ಕೊಡಿರಿ ಎಂದು ಬರೆದರು. ಯಲಬುರ್ಗಾದವರ ಬಳಿ ಸೈಕಲ್ಲೇ ಇರಲಿಲ್ಲ. ಕೆಟ್ಟ ಸೈಕಲ್ಲೊಂದನ್ನು ಮಂಜೂರು ಮಾಡಬೇಕೆಂದು ಅವರು ಕೋರಿದರು. ಗಂಗಾವತಿಯ ಕಚೇರಿಯ ಹಂಗಾಮಿ ಸವಾರ ರಾಮಾಂಜನೇಯ ಮಾತ್ರ ಪತ್ರ ಬರೆಯಲಿಲ್ಲ. ಒಂದು ರವಿವಾರ ಹೊತ್ತು ಹುಟ್ಟುವ ಮುಂಚೆಯೇ ಎದ್ದು, ಗಂಗಾವತಿಯಿಂದ ಸೈಕಲ್ ತುಳಿದುಕೊಂಡು, ಮಧ್ಯಾಹ್ನದ ಬಿಸಿಲಿಗೆ ಹುಲಿಗೆಪ್ಪನ ಮನೆಯ ಮುಂದೆ ಬಂದಿಳಿದ. ಬೆವತಿದ್ದ, ಆದರೆ ದಣಿದಿರಲಿಲ್ಲ. ಸೈಕಲ್ ಎಣ್ಣೆ ಕುಡಿದು ಮಿರಿಮಿರಿ ಮಿಂಚುತ್ತಿತ್ತು. ಎಷ್ಟೋ ವರ್ಷದಿಂದ ಹಂಗಾಮಿ ಇದ್ದೇನೆ, ನನ್ನ ಸೈಕಲ್ಲಿಗೆ ಸುಸ್ಥಿತಿ ಪತ್ರವೂ ಇದೆ, ಆದರೂ ಕಡತ ಏಳುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ.

ಹುಲಿಗೆಪ್ಪ ಒಂದು ಸುತ್ತು ಹೋಗಿ ಬರಲೇ ಎಂದು ಕೇಳಿ ಸೈಕಲ್ ಏರಿದ. ಗೇಟು ದಾಟಿದ, ಇಳಿಜಾರಿಗೆ ಬಂದ, ಪೆಡಲ್ ಬಿಟ್ಟ. ಅಂಗಿಯೊಳಗೆ ಗಾಳಿ ತುಂಬಿತು. ದಾರಿಯಲ್ಲಿದ್ದವರು ಟಂಟಂ ಎಲ್ಲಿ ಎಂದು ಹಿಂದೆ ನೋಡಿದರು. ಹುಲಿಗೆಪ್ಪನಿಗೆ ಬಹಳ ಖುಷಿಯಾಯಿತು. ಅಷ್ಟು ಖುಷಿ ಖಾಯಂ ಆದೇಶ ಕೈಗೆ ಬಂದ ದಿನವೂ ಆಗಿರಲಿಲ್ಲ. ಇಳಿಜಾರು ಮುಗಿದ ಮೇಲೆ ಏರು ತುಳಿಯುತ್ತ ಹಿಂದಿರುಗುವಾಗ ಅವನ ಕಣ್ಣು ತುಂಬಿತ್ತು. ಧೂಳು ಎಂದು ಒರೆಸಿಕೊಂಡ.

ಮನೆಯ ಮುಂದೆ ಇಳಿದು, ಹೆಗಲಿನ ವಸ್ತ್ರದಿಂದ ಸೀಟನ್ನು ಒರೆಸಿ, ಸೈಕಲ್ಲನ್ನು ರಾಮಾಂಜನೇಯನ ಕೈಗೆ ಕೊಟ್ಟ.

"ಭಾಳ ಛಲೋ ಐತಿ," ಎಂದ. "ಇದು ಹಿಂಗ ಇದ್ರ ನೀ ಖಾಯಂ ಆಗಂಗಿಲ್ಲ, ತಮ್ಮಾ."

"ಮತ್ತ ಯಾವ ಬೋಲ್ಟ್ ಕೆಡಸ್ಲಿ ಅಣ್ಣಾ?"

"ಅದನ್ನ ನೀ ಮಾಡಬ್ಯಾಡ. ಆಫೀಸಿಗೆ ಬಿಡು. ಅವ್ರಿಗೆ ಗೊತ್ತಿರ್ತೈತಿ."

ಗಾಳೆಮ್ಮ ಇಬ್ಬರಿಗೂ ಊಟಕ್ಕೆ ಬಡಿಸಿದಳು. ರಾಮಾಂಜನೇಯ ಎರಡು ರೊಟ್ಟಿ ಹೆಚ್ಚು ತಿಂದು, ಒಳ್ಳೆಯ ದಾರಿ ತೋರಿಸಿದಿರಿ ಎಂದು ಹುಲಿಗೆಪ್ಪನ ಕಾಲಿಗೆ ನಮಸ್ಕಾರ ಮಾಡಿದ. ಬಿಸಿಲು ಇಳಿದ ಮೇಲೆ ಅವನು ಬಸ್ ಸ್ಟ್ಯಾಂಡಿನ ತನಕ ವೆಂಕೋಬನ ಟಂಟಂನಲ್ಲಿ ಹೋದ. ಸೈಕಲ್ಲನ್ನು ಮೇಲೇರಿಸಿ, ಅದರ ಸೀಟಿನ ಮೇಲೆ ಕುಳಿತೇ ಹೋದ, ಈಗಿನಿಂದಲೇ ರೂಢಿಯಾಗಲಿ ಎಂದು.